ರಟ್ಟು ಹಿಡಿದಿದ್ದ ಐದು ನಿಮಿಷ

ಕುಮಟೆಯ ಫೋಟೋ ಲ್ಯಾಬಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಇನ್ನು ಮುಂದೆ ಫಿಲ್ಮ್ ರೋಲ್ ತೊಳೆದುಕೊಡುವುದಿಲ್ಲ, ಇದ್ದವರು ಈ ತಿಂಗಳೊಳಗೆ ತಂದುಕೊಡಬೇಕು ಎಂದು ಅದರಲ್ಲಿತ್ತು. ನಾನು ಎರಡು ಸಲ ಓದಿದೆ. ಒಳಗೆ ಕಾಲಿಟ್ಟ ಕೂಡಲೇ ಹುಳಿಯಾಗಿ ಮೂಗಿಗೇರುವ ಆ ವಾಸನೆ ಬಂತು. ಫೋಟೋ ತೊಳೆಯುವ ನೀರಿನ ವಾಸನೆ. ಅದು ಅಣ್ಣನ ಅಂಗಿಯಲ್ಲಿ ಇರುತ್ತಿತ್ತು, ಬೆರಳುಗಳಲ್ಲಿ ಇರುತ್ತಿತ್ತು, ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಏಳು ವರ್ಷದಿಂದ ನಾನು ಅದನ್ನು ಮೂಸಿರಲಿಲ್ಲ.

ನನ್ನ ಚೀಲದಲ್ಲಿ ಒಂದು ರೋಲ್ ಇತ್ತು. ಅದರ ಕೊನೆಯ ಚಿತ್ರ ತೆಗೆಯುತ್ತಿರುವಾಗ ಅಣ್ಣ ಶರಾವತಿಯಲ್ಲಿ ಮುಳುಗಿ ಹೋದ. ನಾನು ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದೆ. ಅವನು ನೀರಿನ ಅಂಚಿನಲ್ಲಿ ಟಾರ್ಚ್ ಹಿಡಿದು ನಡೆಯುತ್ತಿದ್ದ, ನಾನು ಬೆನ್ನು ಹಾಕಿ ರಸ್ತೆಯ ಕಡೆ ನೋಡುತ್ತಿದ್ದೆ. ನಾನು ನೋಡದೆ ಇದ್ದದ್ದನ್ನು ಕ್ಯಾಮೆರಾ ನೋಡಿರಬಹುದು. ಹಾಗಾಗಿ ಆ ರೋಲನ್ನು ತೊಳೆಸುವ ಧೈರ್ಯ ನನಗೆ ಬಂದಿರಲಿಲ್ಲ. ಬಿಸಾಡುವ ಧೈರ್ಯವೂ ಬಂದಿರಲಿಲ್ಲ.

ಕೌಂಟರಿನಲ್ಲಿದ್ದವರು ಡಬ್ಬಿಯನ್ನು ಅಲುಗಿಸಿ ನೋಡಿದರು. "ಬಹಳ ಹಳೇದು ಮಾರಾಯ್ರೆ. ಈ ಸೆಕೆಯಲ್ಲಿ ಇಷ್ಟು ವರ್ಷ ಇಟ್ರೆ ಎಂತ ಉಳೀತದೆ? ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಆಮೇಲೆ ನಮಗೆ ಹೇಳಬೇಡಿ."

"ಅಡ್ಡಿಲ್ಲ" ಎಂದೆ. ಏನೂ ಬಾರದಿದ್ದರೇ ಒಳ್ಳೆಯದು ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು.

ನಮ್ಮ ಊರು ಶಿರಾಲಿ. ನಾವು ಇಬ್ಬರೇ ಗಂಡುಮಕ್ಕಳು. ಅಣ್ಣ ಶ್ರೀಧರ ನನಗಿಂತ ಆರು ವರ್ಷ ದೊಡ್ಡವನು. ಹೊನ್ನಾವರದ ಪೇಟೆಯಲ್ಲಿ ಅವನದೊಂದು ಸಣ್ಣ ಸ್ಟುಡಿಯೋ ಇತ್ತು. ನಾನು ಐ.ಟಿ.ಐ. ಮುಗಿಸಿ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ಸೇರಿದ್ದೆ. ಆಗ ಭಟ್ಕಳದಲ್ಲಿದ್ದೆ. ಕರಾವಳಿಗೆ ರೈಲು ಬಂದು ಮೂರ್ನಾಲ್ಕು ವರ್ಷ ಕಳೆದಿತ್ತು. ಶರಾವತಿಯ ಮೇಲಿನ ರೈಲು ಸೇತುವೆಯನ್ನು ಜನ ಇನ್ನೂ ನಿಂತು ನೋಡುತ್ತಿದ್ದ ಕಾಲ ಅದು.

ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ, ಮದುವೆ, ಸತ್ಯನಾರಾಯಣ ಪೂಜೆ, ಸತ್ತವರ ಹಳೆಯ ಫೋಟೋ ದೊಡ್ಡದು ಮಾಡುವುದು, ಇಷ್ಟೇ ಕೆಲಸ. ಅತ್ತಿಗೆ ಸುಮಿತ್ರಾ ಒಳಗೆ ಕೂತು ಸಣ್ಣ ಬ್ರಷ್ಷಿನಲ್ಲಿ ನೆಗೆಟಿವ್‌ಗಳ ಕಲೆ ತಿದ್ದುತ್ತಿದ್ದಳು. ನೆಗೆಟಿವ್ ನೋಡಿ ಮುಖ ಗುರುತು ಹಿಡಿಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ನಮಗೆ ಬರಿ ಕಪ್ಪು ಹಲ್ಲು, ಬಿಳಿ ಕೂದಲು ಕಂಡರೆ ಅವಳು, "ಇದು ಮೊನ್ನೆ ಬಂದ ಮಾಸ್ತರರ ಹೆಂಡತಿ, ಮುಖ ಸಿಂಡರಿಸ್ಕಂಡು ಕೂತಿದ್ಲಲ್ಲ ಅವಳು" ಎನ್ನುತ್ತಿದ್ದಳು.

ಆ ವರ್ಷ ಕುಮಟೆಯ ಒಂದು ಪ್ರೆಸ್ಸಿನ ಕಾಮತರು ಅಣ್ಣನಿಗೆ ಕ್ಯಾಲೆಂಡರಿನ ಕೆಲಸ ಕೊಟ್ಟರು. ಹನ್ನೆರಡು ತಿಂಗಳಿಗೆ ಹನ್ನೆರಡು ಚಿತ್ರ. ಜಲಪಾತ, ದೇವಸ್ಥಾನ, ಸೂರ್ಯಾಸ್ತ ಎಲ್ಲರ ಕ್ಯಾಲೆಂಡರಿನಲ್ಲೂ ಇದೆ, ಬೇರೆ ಏನಾದರೂ ಮಾಡು ಎಂದರಂತೆ. ಅಣ್ಣ ಆ ರಾತ್ರಿಯೇ ಬೈಕಿನಲ್ಲಿ ಭಟ್ಕಳಕ್ಕೆ ಬಂದ. ನನ್ನ ಬಾಡಿಗೆ ಕೋಣೆಯ ಮೆಟ್ಟಿಲಲ್ಲೇ ನಿಂತು ಹೇಳಿದ: "ಮಂಜ, ಭಟ್ಕಳ, ಹೊನ್ನಾವರ, ಕುಮಟೆ, ಮೂರೂ ತಾಲೂಕಿನ ರಾತ್ರಿ ತೆಗೀತೆ ನಾನು. ಬರೀ ರಾತ್ರಿ."

"ರಾತ್ರಿ ಎಂತ ಕಾಣ್ತದೆ?"

"ನಮ್ಗೆ ಕಾಣುದಿಲ್ಲ. ಅದಕ್ಕೆ ಕಾಣ್ತದೆ" ಎಂದು ಕ್ಯಾಮೆರಾದ ಚೀಲ ತಟ್ಟಿದ.

ಮುಂಬಯಿಯಿಂದ ಬಂದ ಯಾರದೋ ಹಳೆಯ ಕ್ಯಾಮೆರಾ ಅದು. ಮೂರು ಕಾಲಿನ ಸ್ಟ್ಯಾಂಡಿನ ಮೇಲಿಟ್ಟು, ಅದರ ಗುಂಡಿಗೆ ತಂತಿ ಸಿಕ್ಕಿಸಿ ಒತ್ತಿ ತಿರುಪು ಬಿಗಿದರೆ ಒಳಗೆ ಬೆಳಕು ಬಿಡುವ ಶಟರ್ ತೆರೆದೇ ಇರುತ್ತಿತ್ತು, ತಿರುಪು ಸಡಿಲಿಸಿದಾಗ ಮುಚ್ಚುತ್ತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ ತೆರೆದಿಟ್ಟರೆ ಕತ್ತಲೆಯೊಳಗಿನದೆಲ್ಲ ಸ್ವಲ್ಪಸ್ವಲ್ಪವಾಗಿ ಫಿಲ್ಮಿನ ಮೇಲೆ ಕೂರುತ್ತಿತ್ತು. ಆ ಹೊತ್ತಿನಲ್ಲಿ ಯಾವುದಾದರೂ ಗಾಡಿ ಬಂದು ಅದರ ಬೆಳಕು ಬಿದ್ದರೆ ಎಲ್ಲ ಹಾಳು. ಅದಕ್ಕೆ ಅಣ್ಣ ಒಂದು ಉಪಾಯ ಮಾಡಿದ್ದ. ಫೋಟೋ ಪೇಪರಿನ ಪೊಟ್ಟಣದಲ್ಲಿ ಬರುವ ಕಪ್ಪು ರಟ್ಟನ್ನು ನನ್ನ ಕೈಗೆ ಕೊಟ್ಟ. ಗಾಡಿ ಬಂದರೆ ಲೆನ್ಸಿಗೆ ತಾಗದ ಹಾಗೆ ರಟ್ಟು ಅಡ್ಡ ಹಿಡಿಯಬೇಕು, ಹೋದ ಮೇಲೆ ತೆಗೆಯಬೇಕು. ಶಟರ್ ತೆರೆದೇ ಇರುತ್ತದೆ, ಆದರೆ ಅಷ್ಟು ಹೊತ್ತು ಕ್ಯಾಮೆರಾ ಕುರುಡು. ಚಿತ್ರಕ್ಕೆ ಆ ಗಾಡಿ ಬಂದದ್ದೇ ಗೊತ್ತಾಗುವುದಿಲ್ಲ.

ನನ್ನ ಕೆಲಸ ಇಷ್ಟೇ: ರಟ್ಟು ಹಿಡಿಯುವುದು, ಅಪ್ಪನ ಹಸಿರು ಮುಳ್ಳಿನ ರೇಡಿಯಂ ವಾಚು ನೋಡಿ ಹೊತ್ತು ಹೇಳುವುದು, ರಸ್ತೆಯ ಕಡೆ ಕಣ್ಣಿಡುವುದು. ಅಣ್ಣ ಚಿತ್ರದೊಳಗೆ ನಡೆದು ಹೋಗಿ ಬೇಕಾದಲ್ಲಿ ಟಾರ್ಚ್ ಬಿಡುತ್ತಿದ್ದ. ಒಂದು ಬಂಡೆಗೆ ಇಪ್ಪತ್ತು ಎಣಿಕೆ, ಒಂದು ದೋಣಿಗೆ ನಲವತ್ತು. ಅವನು ಮಾತ್ರ ಚಿತ್ರದಲ್ಲಿ ಬರುತ್ತಿರಲಿಲ್ಲ. ನಿಲ್ಲದೆ ಓಡಾಡುವ ಮನುಷ್ಯ ಫಿಲ್ಮಿಗೆ ಸಿಗುವುದಿಲ್ಲ.

ಮೊದಲನೆಯ ಒಳ್ಳೆಯ ಚಿತ್ರ ಭಟ್ಕಳ ಪೇಟೆಯದು. ರಂಜಾನ್ ತಿಂಗಳು. ರಾತ್ರಿ ಪೇಟೆಯೆಲ್ಲ ದೀಪ. ಆದರೆ ದೀಪ ಇದ್ದರೆ ನಕ್ಷತ್ರ ಇಲ್ಲ, ನಕ್ಷತ್ರ ಬೇಕೆಂದರೆ ದೀಪ ಇಲ್ಲ. ಅಣ್ಣನಿಗೆ ಎರಡೂ ಬೇಕಿತ್ತು. ಆಗೆಲ್ಲ ಲೋಡ್ ಶೆಡ್ಡಿಂಗ್ ಇತ್ತು, ಯಾವ ಭಾಗಕ್ಕೆ ಎಷ್ಟು ಹೊತ್ತಿಗೆ ಕರೆಂಟು ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ನನಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು. ಎತ್ತರದಲ್ಲಿದ್ದ ಜಾಫರ್ ಸಾಹೇಬರ ಮನೆಯ ತಾರಸಿಗೆ ಹೋದೆವು. ಅವರ ಮನೆಯ ಸರ್ವೀಸ್ ವೈರು ಕಟ್ಟಿಕೊಟ್ಟವನು ನಾನು, ಆ ಸಲಿಗೆ.

ಕರೆಂಟು ಹೋಯಿತು. ಶಟರ್ ತೆರೆದೆವು. ಇಪ್ಪತ್ತೈದು ನಿಮಿಷ ಆಕಾಶ ಕೂತಿತು. ಇನ್ನೇನು ಕರೆಂಟು ಬರಬೇಕು ಎನ್ನುವಾಗ ನಾನು ರಟ್ಟು ಕೈಯಲ್ಲಿ ಹಿಡಿದು ಸಿದ್ಧನಾದೆ. ಪೇಟೆಯ ದೀಪಗಳು ಒಟ್ಟಿಗೆ ಹತ್ತಿದವು. ಕೆಳಗಿನ ಬೀದಿಯಲ್ಲಿ ಮಕ್ಕಳು ಹೋ ಎಂದು ಕೂಗಿದರು. ಅಣ್ಣ "ಒಂದು, ಎರಡು, ಮೂರು, ನಾಲ್ಕು, ಹಿಡಿ!" ಎಂದ. ಹಿಡಿದೆ.

ಸಾಹೇಬರು ಚಹಾದ ಲೋಟ ಹಿಡಿದು ನಿಂತಿದ್ದರು. "ಅರೇ, ಏನಪ್ಪಾ ಇದು? ತಮ್ಮ ಕರೆಂಟ್ ತೆಗೀತಾನೆ, ಅಣ್ಣ ಫೋಟೋ ತೆಗೀತಾನೆ! ಇಷ್ಟು ದಿವಸ ನಮ್ಮನ್ನ ಕತ್ತಲೆಯಲ್ಲಿ ಕೂರಿಸಿದ್ದು ಇದಕ್ಕೇನಾ?"

"ಹೌದು ಸಾಹೇಬ್ರೆ" ಎಂದ ಅಣ್ಣ. "ಇವನಿಗೆ ಸಂಬಳ ಕೊಡೂದೇ ಅದಕ್ಕೆ."

"ಹಾಗಾದ್ರೆ ಒಂದು ಕ್ಯಾಲೆಂಡರ್ ನಮ್ಮ ಮನೆಗೆ ಫ್ರೀ. ನಮ್ಮ ಕತ್ತಲೆಗೆ ಬಾಡಿಗೆ."

ಅಣ್ಣ ಹಾಗೆ ನಕ್ಕದ್ದನ್ನು ನಾನು ಅಪ್ಪ ತೀರಿಕೊಂಡ ಮೇಲೆ ನೋಡಿರಲಿಲ್ಲ. ಆ ಚಿತ್ರದಲ್ಲಿ ಕೆಳಗೆ ಊರು ಹೊಳೆಯುತ್ತದೆ, ಮೇಲೆ ನಕ್ಷತ್ರಗಳು ಬಿಲ್ಲಿನ ಹಾಗೆ ಬಾಗಿವೆ. ಹಾಗೆ ಯಾರ ಕಣ್ಣಿಗೂ ಎಂದೂ ಕಂಡಿರಲಾರದು.

ಆ ಚಳಿಗಾಲವೆಲ್ಲ ಹೀಗೆ ಹೋಯಿತು. ಹಗಲು ನನ್ನದು ಕಂಬ, ಅವನದು ಸ್ಟುಡಿಯೋ. ರಜೆಯ ಹಿಂದಿನ ರಾತ್ರಿ ಬೈಕು. ಸಂತೆಗುಳಿಯ ಕಡೆಯ ಗದ್ದೆಬಯಲಿನಲ್ಲಿ ಮಂಜು ಬಿದ್ದು ಲೆನ್ಸು ಮಬ್ಬಾಗುತ್ತಿತ್ತು. ಅಣ್ಣ ತನ್ನ ಮಫ್ಲರನ್ನು ಕ್ಯಾಮೆರಾಕ್ಕೆ ಸುತ್ತಿ ತಾನು ನಡುಗುತ್ತಾ ನಿಲ್ಲುತ್ತಿದ್ದ. ಕುಮಟೆ ಪೇಟೆಯನ್ನು ಗುಡ್ಡದ ಮೇಲಿಂದ, ಹೊನ್ನಾವರದ ಬಂದರನ್ನು ದೋಣಿಗಳ ಮಧ್ಯದಿಂದ ತೆಗೆದೆವು. ಬೆಳಗಿನ ಜಾವ ಸ್ಟುಡಿಯೋಕ್ಕೆ ಬಂದರೆ ಅತ್ತಿಗೆ ಎದ್ದಿರುತ್ತಿದ್ದಳು. "ಬಂದ್ರಾ ಗೂಬೆಗಳು?" ಎನ್ನುತ್ತ ದೋಸೆಗೆ ಕಾವಲಿ ಇಡುತ್ತಿದ್ದಳು. "ಮದುವೆ ಆಲ್ಬಮ್ ಕೇಳುಕೆ ಜನ ಬಂದು ಹೋದ್ರು. ನೀವು ಕಪ್ಪು ಆಕಾಶ ತೆಗ್ದು ತನ್ನಿ, ಅದ್ನೇ ಅಂಟಿಸಿ ಕೊಡುವ." ಆದರೆ ನೆಗೆಟಿವ್ ಒಣಗಿದ ಕೂಡಲೇ ಟ್ಯೂಬ್‌ಲೈಟಿಗೆ ಹಿಡಿದು ಮೊದಲು ನೋಡುತ್ತಿದ್ದವಳು ಅವಳೇ.

ಇಲ್ಲಿ ನನ್ನ ಕೆಲಸದ ಒಂದು ಪದ್ಧತಿ ಹೇಳಬೇಕು. ರಾತ್ರಿ ಲೈನ್ ಕೆಟ್ಟಾಗ ಒಬ್ಬ ಕಂಬ ಹತ್ತುತ್ತಾನೆ, ಒಬ್ಬ ಕೆಳಗೆ ನಿಲ್ಲುತ್ತಾನೆ. ಕತ್ತಲೆಯಲ್ಲಿ ಮೇಲಿನವನು ಕಾಣುವುದಿಲ್ಲ. ಅದಕ್ಕೆ ಕೆಳಗಿನವನು ಆಗಾಗ "ಹೋಯ್" ಎಂದು ಕೂಗಬೇಕು, ಮೇಲಿನವನು "ಹೋಯ್" ಎನ್ನಬೇಕು. ಕೆಲಸ ಕಲಿಸಿದ ಸುಬ್ರಾಯಣ್ಣ ನನಗೆ ಮೊದಲು ಹೇಳಿಕೊಟ್ಟದ್ದೇ ಅದನ್ನು. "ಇಕ್ಕಳ ಹಿಡಿಯೂದು ನಾಳೆ ಕಲಿ. ಕೂಗೂದು ಇವತ್ತೇ ಕಲಿ. ಎರಡು ಸಲ ಕೂಗಿ ಉತ್ತರ ಬರಲಿಲ್ಲ ಅಂದ್ರೆ ಮೂರನೇದು ಕೂಗಬೇಡ, ಕಂಬ ಹತ್ತು."

ಸಾಣಿಕಟ್ಟೆಯ ಉಪ್ಪಿನ ಗದ್ದೆಯಲ್ಲಿ ಈ ಅಭ್ಯಾಸವೇ ಎಡವಟ್ಟಾಯಿತು. ಹುಣ್ಣಿಮೆಯ ಮಾರನೆ ದಿನ. ಉಪ್ಪಿನ ರಾಶಿಗಳು ಬೆಳದಿಂಗಳಲ್ಲಿ ಸಾಲಾಗಿ ನಿಂತಿದ್ದವು. ಅಣ್ಣ ದೂರದ ಒಂದು ಗುಡಿಸಲಿನ ಹಿಂದೆ ಹೋಗಿ ಟಾರ್ಚ್ ಬಿಡುವವನಿದ್ದ. ಹೋದವನು ಬಹಳ ಹೊತ್ತು ಕಾಣಲಿಲ್ಲ. ನಾನು ನನಗರಿವಿಲ್ಲದೆ "ಹೋಯ್" ಎಂದು ಕೂಗಿದೆ. ಉತ್ತರ ಇಲ್ಲ. ಇನ್ನೊಮ್ಮೆ ಕೂಗಿ, ಕೈಯ ಟಾರ್ಚ್ ಹತ್ತಿಸಿ ಆ ಕಡೆ ಬಿಟ್ಟೆ.

ಅವನು ಗದ್ದೆಯ ಕಟ್ಟೆಯ ಮೇಲೆ ಓಡುತ್ತ ಬಂದ. "ಮಳ್ಳು ಹಿಡ್ದದ್ಯಾ ನಿಂಗೆ? ಮುನ್ನೂರರವರೆಗೆ ಎಣಿಸಿದ್ದೆ! ಎಣಿಕೆ ತಪ್ತು, ಫಿಲ್ಮಿಗೆ ಬೆಳಕೂ ಬಿತ್ತು!"

"ಕಾಣಲಿಲ್ಲ ನೀನು, ಅದ್ಕೆ..."

"ಇದು ನಿನ್ನ ಕಂಬ ಅಲ್ಲ ಮಾರಾಯ! ನಾ ಬರೂವರೆಗೆ ಬಾಯಿ ಮುಚ್ಕಂಡು ನಿಲ್ಲೂಕೆ ಆಗುದಿಲ್ಲ ನಿಂಗೆ?"

ನನಗೆ ಇಪ್ಪತ್ತೇಳು ವರ್ಷ. ಅವನು ನನ್ನ ಮೇಲೆ ಕೂಗಾಡಿದ್ದು ಅದೇ ಮೊದಲು. ನಾನು ಎರಡು ವಾರ ಹೋಗಲಿಲ್ಲ. ಆಮೇಲೆ ಅವನೇ ಬಂದ, ಕೈಯಲ್ಲಿ ಸಿಗಡಿಯ ಪೊಟ್ಟಣ. "ಆತು ಬಿಡು. ಮತ್ತೊಂದು ಸಲ ಹೋಗಿ ತೆಗೆಯುವ" ಎಂದ. ಹೋದೆವು, ತೆಗೆದೆವು. ಆ ಸಲ ನಾನು ಬಾಯಿ ಬಿಡಲಿಲ್ಲ. ಅಲ್ಲಿಂದ ಮುಂದೆಯೂ ಬಿಡಲಿಲ್ಲ. ಶಟರ್ ತೆರೆದಿರುವಾಗ ಕೂಗಬಾರದು, ಬೆಳಕು ಹತ್ತಿಸಬಾರದು. ಅದು ನನ್ನ ಮೈಗೆ ಹಿಡಿಯಿತು.

ಬೇಸಿಗೆ ಬರುವ ಹೊತ್ತಿಗೆ ಹನ್ನೊಂದು ಚಿತ್ರ ಆಗಿದ್ದವು. ಉಳಿದದ್ದು ಹೊನ್ನಾವರದ ರೈಲು ಸೇತುವೆ. ಮಾವಿನಕುರ್ವೆ ನಡುಗಡ್ಡೆಯ ಎದುರಿನ ದಂಡೆಯಲ್ಲಿ ಅಣ್ಣ ಜಾಗ ನೋಡಿಟ್ಟಿದ್ದ. ಸಮುದ್ರದ ನೀರು ಹಿಂದೆ ಸರಿಯುವ ಇಳಿತದ ಹೊತ್ತಿನಲ್ಲಿ ಅಲ್ಲಿ ಉದ್ದಕ್ಕೆ ಮರಳು, ಕೆಸರು ಎದ್ದು ಕಾಣುತ್ತದೆ, ಅದರ ತುದಿಯಲ್ಲಿ ಒಂದು ಮುರುಕು ದೋಣಿ ಬೋರಲಾಗಿ ಬಿದ್ದಿತ್ತು. ಅವನ ಯೋಚನೆ ಹೀಗಿತ್ತು: ನೀರಿನ ಅಂಚಿಗೆ ಕ್ಯಾಮೆರಾದ ಕಡೆ ಟಾರ್ಚ್ ಮಾಡಿ ನಡೆದುಕೊಂಡು ಹೋಗುವುದು, ಆಗ ನದಿಯ ಅಂಚಿಗೆ ಒಂದು ಬೆಳಕಿನ ಗೆರೆ ಎಳೆದಂತಾಗುತ್ತದೆ. ದೋಣಿ ಮುಟ್ಟಿದ ಕೂಡಲೇ ಟಾರ್ಚ್ ಆರಿಸಿ ಅದರ ಹಿಂದೆ ಅಡಗಿ ಕೂರುವುದು. ರಾತ್ರಿಯ ರೈಲು ಬಂದು ಸೇತುವೆ ದಾಟಿದರೆ ಕಿಟಕಿಗಳ ಬೆಳಕು ಮೇಲೆ ಇನ್ನೊಂದು ಗೆರೆ ಎಳೆಯುತ್ತದೆ. ಕೆಳಗೊಂದು, ಮೇಲೊಂದು. ಒಟ್ಟು ಅರ್ಧ ಗಂಟೆ.

ಚಂದ್ರ ಇರಬಾರದು, ಇಳಿತವೂ ಬೇಕು. ಮೀನುಗಾರರ ಹತ್ತಿರ ಕೇಳಿ, ಪಂಚಾಂಗ ನೋಡಿ, ಹುಣ್ಣಿಮೆ ಕಳೆದು ಎಂಟನೆಯ ದಿನ ಎಂದು ಅವನೇ ಆರಿಸಿದ. ಆ ದಿನ ರಾತ್ರಿ ಹತ್ತರ ಸುಮಾರಿಗೆ ಇಳಿತ, ಚಂದ್ರ ಹುಟ್ಟುವುದು ನಡುರಾತ್ರಿಗೆ. ಕೆಸರಿನಲ್ಲಿ ಚಿಪ್ಪು ಕಾಲು ಕೊಯ್ಯುತ್ತದೆ ಎಂದು ನನ್ನ ಇಲಾಖೆಯ ಗಮ್‌ಬೂಟುಗಳನ್ನು ನಾನೇ ತಂದುಕೊಟ್ಟೆ. ಅವನಿಗೆ ಒಂದು ಅಳತೆ ದೊಡ್ಡದಾದವು. "ಒಳಗೆ ಇನ್ನೊಬ್ಬ ಹೋಗ್ಬಹುದು" ಎಂದು ನಗುತ್ತ ಹಾಕಿಕೊಂಡ.

ಶಟರ್ ತೆರೆದು, ತಿರುಪು ಬಿಗಿದು, ನನ್ನ ಹೆಗಲು ತಟ್ಟಿ ಹೋದ. ನಾನು ವಾಚು ನೋಡಿಕೊಂಡೆ. ಸ್ವಲ್ಪ ಹೊತ್ತಿಗೆ ಕೆಳಗೆ ಟಾರ್ಚ್ ಹತ್ತಿತು. ಆ ಬೆಳಕು ನಿಧಾನ, ಒಂದೇ ಎತ್ತರದಲ್ಲಿ, ತೇಲಿಕೊಂಡು ಹೋಗುವ ಹಾಗೆ ಹೋಗತೊಡಗಿತು. ಅವನ ಕೈ ಅಷ್ಟು ಸ್ಥಿರ. ನಾನು ಬೆನ್ನು ತಿರುಗಿಸಿ ರಸ್ತೆಯ ಕಡೆ ನಿಂತೆ.

ಏಳನೆಯ ನಿಮಿಷಕ್ಕೆ ಹಿಂದಿನ ಮಣ್ಣುರಸ್ತೆಯಲ್ಲಿ ಒಂದು ಗಾಡಿಯ ಬೆಳಕು ಬಂತು. ಮರಳಿನ ಟೆಂಪೋ. ನಾನು ನದಿಯ ಕಡೆ ನೋಡದೆ, ಕೈ ಮಾತ್ರ ಚಾಚಿ ಲೆನ್ಸಿಗೆ ರಟ್ಟು ಹಿಡಿದೆ. ಗಾಡಿ ದಾಟಿ ಹೋಗಲಿಲ್ಲ, ನನ್ನ ಪಕ್ಕದಲ್ಲೇ ನಿಂತಿತು. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು, ಹೆಡ್‌ಲೈಟೂ ಆರಲಿಲ್ಲ.

"ಎಂತದು ಅದು? ಸರ್ವೇ ಮಾಡ್ತ್ರಾ?" ಎಂದು ಡ್ರೈವರ್ ತಲೆ ಹೊರಗೆ ಹಾಕಿದ. ಯಾರೆಂದು ಇವತ್ತಿಗೂ ಗೊತ್ತಿಲ್ಲ.

"ಇಲ್ಲ, ಫೋಟೋ."

"ಕತ್ತಲೆದಾ?" ಅವನು ನಕ್ಕ. "ನಾ ಎಲ್ಲೋ ಕಳ್ಳಮರಳು ಹಿಡಿಯೋ ಸಾಹೇಬರು ಬಂದ್ರು ಅಂತ ಹೆದರಿದ್ದೆ ಮಾರಾಯಾ. ನಂದೂ ಒಂದು ತೆಗಿ, ಹೆಣ್ಣು ನೋಡುಕೆ ಬೇಕು."

"ಕತ್ತಲೆಯಲ್ಲಿ ತೆಗೆದ್ರೆ ಬೇಗ ಒಪ್ತಾರೆ" ಎಂದೆ.

ಅವನು ಸ್ಟೀರಿಂಗಿಗೆ ಬಡಿದು ನಕ್ಕ. ನಾನೂ ನಕ್ಕೆ. ಬೀಡಿ ಹಚ್ಚಿದ, ನನಗೂ ಒಂದು ಕೊಡಲು ಬಂದ, ನನ್ನ ಒಂದು ಕೈ ರಟ್ಟಿನಲ್ಲಿದ್ದುದರಿಂದ ಬೇಡ ಎಂದೆ. ರಾತ್ರಿ ದೋಣಿಯವರು ಮರಳು ತಂದು ಹಾಕುವ ಜಾಗ ಕೇಳಿದ, ನನಗೆ ಗೊತ್ತಿರಲಿಲ್ಲ. ಹೀಗೆ ಐದು ನಿಮಿಷ. ಆಮೇಲೆ ಟೆಂಪೋ ಹೋಯಿತು, ಕತ್ತಲೆ ಮತ್ತೆ ಕೂಡಿಕೊಂಡಿತು, ನಾನು ರಟ್ಟು ತೆಗೆದೆ. ನದಿಯ ಕಡೆ ನೋಡಿದೆ. ಟಾರ್ಚ್ ಇರಲಿಲ್ಲ.

ನನಗೆ ಗಾಬರಿಯಾಗಲಿಲ್ಲ. ದೋಣಿ ಮುಟ್ಟಿ, ಟಾರ್ಚ್ ಆರಿಸಿ, ಹಿಂದೆ ಕೂತಿದ್ದಾನೆ ಎಂದುಕೊಂಡೆ. ಹಾಗೆಯೇ ಆಗಬೇಕಿತ್ತಲ್ಲ. ಒಂದು ಸಲ ಮಾತ್ರ "ಹೋಯ್" ಎಂಬುದು ಗಂಟಲವರೆಗೆ ಬಂತು. ಇದು ನಿನ್ನ ಕಂಬ ಅಲ್ಲ ಎಂದು ನುಂಗಿಕೊಂಡೆ. ಹದಿನೆಂಟು ನಿಮಿಷ ನಿಂತೆ. ಇಪ್ಪತ್ತೆಂಟನೆಯ ನಿಮಿಷಕ್ಕೆ ರೈಲು ಬಂತು. ಕಿಟಕಿಗಳ ಸಾಲು ಸೇತುವೆಯ ಉದ್ದಕ್ಕೂ ಹೊಳೆದುಕೊಂಡು ಹೋಯಿತು, ನೀರಿನಲ್ಲಿಯೂ ಹೋಯಿತು. ನನಗೆ ಬಹಳ ಸಂತೋಷವಾಯಿತು. ಅಣ್ಣ ಬಯಸಿದ ಚಿತ್ರ ಬಂತು ಎಂದು ಸಂತೋಷ. ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೆ ಆದದ್ದು ಹಾಗೆ.

ಅರ್ಧ ಗಂಟೆ ತುಂಬಿತು. ಮೊದಲು ಶಟರ್ ಮುಚ್ಚಿದೆ. ಆಮೇಲೆ ಕೂಗಿದೆ.

ಬೆಳಗ್ಗೆ ಮಾವಿನಕುರ್ವೆಯ ಮೀನುಗಾರರು ಅವನನ್ನು ಎತ್ತಿದರು. ದೋಣಿಗೆ ಇನ್ನೂ ಹತ್ತು ಮಾರು ಇರುವಲ್ಲಿ ಒಂದು ಹೊಂಡವಿತ್ತು. ಒಂದು ಗಮ್‌ಬೂಟು ಕಾಲಿನಲ್ಲೇ ಇತ್ತು, ತುಂಬ ನೀರು, ಕೆಸರು. ಅವರಲ್ಲಿ ಹಿರಿಯನೊಬ್ಬ ತಲೆಯ ಮುಂಡಾಸು ಬಿಚ್ಚಿ ಹೇಳಿದ: "ಹೋದ ತಿಂಗಳು ಇಲ್ಲಿ ಮೊಣಕಾಲು ನೀರಿತ್ತು. ಮರಳು ತೆಗ್ದು ತೆಗ್ದು ಹೀಗೆ ಮಾಡಿದ್ರು. ಎಲ್ಲೆಲ್ಲಿ ಹೊಂಡ ಅಂತ ಈಗ ನಮ್ಗೇ ಗೊತ್ತಾಗುದಿಲ್ಲ. ನಿಮ್ಮಣ್ಣಂಗೆ ಹೇಗೆ ಗೊತ್ತಾಗಬೇಕು?"

ಪೊಲೀಸರು ಕೇಳಿದರು. ಅತ್ತಿಗೆ ಕೇಳಿದಳು. ಟಾರ್ಚ್ ಆರಿದ್ದು ಕಂಡ ಕೂಡಲೇ ಕೂಗಿದೆ, ಓಡಿದೆ, ಅಷ್ಟರಲ್ಲಿ ಮುಗಿದುಹೋಗಿತ್ತು ಎಂದೆ. ಸುಳ್ಳು. ಟೆಂಪೋ ವಿಷಯ ಹೇಳಲಿಲ್ಲ. ನಕ್ಕದ್ದನ್ನು ಹೇಳಲಿಲ್ಲ.

ಆ ವರ್ಷದ ಕೊನೆಗೆ ಕ್ಯಾಲೆಂಡರ್ ಬಂತು. ಕಾಮತರು ಒಳ್ಳೆಯವರು, ಅಣ್ಣನ ಹೆಸರು ಪ್ರತಿ ಪುಟದಲ್ಲೂ ಹಾಕಿಸಿದ್ದರು. ಹನ್ನೊಂದು ತಿಂಗಳು ನಮ್ಮ ರಾತ್ರಿಗಳು. ಡಿಸೆಂಬರಿಗೆ ಚಿತ್ರ ಇರಲಿಲ್ಲವಲ್ಲ, ಪ್ರೆಸ್ಸಿನಲ್ಲಿ ಇದ್ದ ಒಂದು ಹೂಕುಂಡದ ಚಿತ್ರ ಹಾಕಿದ್ದರು. ಕೆಂಪು ಗುಲಾಬಿ, ಹಿಂದೆ ನೀಲಿ ಪರದೆ. ಅತ್ತಿಗೆ ಅದನ್ನು ಸ್ಟುಡಿಯೋದಲ್ಲಿ ತೂಗುಹಾಕಿದಳು. ಹನ್ನೊಂದು ತಿಂಗಳು ತಿರುವಿದಳು. ಹನ್ನೆರಡನೆಯದನ್ನು ತಿರುವಲಿಲ್ಲ. ಆ ನವೆಂಬರ್ ಇನ್ನೂ ಗೋಡೆಯಲ್ಲಿದೆ, ಭಟ್ಕಳದ ಪೇಟೆ. ಜಾಫರ್ ಸಾಹೇಬರಿಗೆ ನಾನೇ ಒಂದು ಕೊಟ್ಟು ಬಂದೆ.

ರೋಲನ್ನು ನಾನು ನನ್ನ ಟೂಲ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ಅತ್ತಿಗೆ ವರ್ಷಕ್ಕೊಮ್ಮೆ ಕೇಳುತ್ತಿದ್ದಳು, "ತೊಳೆಸುವನಾ?" ನೋಡುವ ಎನ್ನುತ್ತಿದ್ದೆ. ನನ್ನೊಳಗೆ ಒಂದೇ ಪ್ರಶ್ನೆ ಇತ್ತು. ಅವನು ಬಿದ್ದದ್ದು ನಾನು ರಟ್ಟು ಹಿಡಿಯುವ ಮೊದಲೋ, ಆಮೇಲೋ? ಮೊದಲೇ ಬಿದ್ದಿದ್ದರೆ ಚಿತ್ರದಲ್ಲಿ ಬೆಳಕಿನ ಗೆರೆ ಕೆಳಕ್ಕೆ ಜಾರಿ ನೀರಿಗೆ ಇಳಿದಿರಬೇಕು. ಹಾಗಿದ್ದರೆ ಅವನು ಬೀಳುವಾಗ ದಂಡೆಯಲ್ಲಿ ಸದ್ದೇ ಇರಲಿಲ್ಲ, ಕೂಗುವಷ್ಟು ಹೊತ್ತೂ ಅವನಿಗೆ ಸಿಗಲಿಲ್ಲ, ಕೂಗಿದ್ದರೆ ನನಗೆ ಕೇಳುತ್ತಿತ್ತು. ಗೆರೆ ಕೆಳಕ್ಕೆ ಜಾರಿರದಿದ್ದರೆ ಬಿದ್ದದ್ದು ರಟ್ಟು ಹಿಡಿದ ಮೇಲೆ, ಅವನು ಕೂಗಿರಬಹುದು. ಆ ಇಂಜಿನ್ನಿನ ಸದ್ದಿನಲ್ಲಿ, ನಮ್ಮ ನಗೆಯಲ್ಲಿ. ಏಳು ವರ್ಷ ಪ್ರತಿ ರಾತ್ರಿ ನಾನು ಆ ಗೆರೆಯನ್ನು ಕೆಳಕ್ಕೆ ಜಾರಿಸಿ ಮಲಗುತ್ತಿದ್ದೆ.

ಲ್ಯಾಬಿನವರು ಮೂರನೆಯ ದಿನ ಫೋನ್ ಮಾಡಿದರು. "ಕೆಂಪಾಗಿ ಮಂಜು ಹಿಡಿದಿದೆ, ಆದರೂ ಬಂದಿದೆ" ಎಂದರು. ಲಕೋಟೆಯನ್ನು ಬಿಡಿಸದೆ ಬಸ್ಸು ಹತ್ತಿ ಹೊನ್ನಾವರಕ್ಕೆ ಬಂದೆ. ಒಬ್ಬನೇ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಸ್ಟುಡಿಯೋ ಈಗ ಅತ್ತಿಗೆ ನಡೆಸುತ್ತಾಳೆ. ಡಿಜಿಟಲ್ ಕ್ಯಾಮೆರಾ, ಕಂಪ್ಯೂಟರ್, ಝೆರಾಕ್ಸ್ ಮಷಿನ್. ಅವಳು ಪ್ರಿಂಟು ಬದಿಗಿಟ್ಟು ಮೊದಲು ನೆಗೆಟಿವ್ ತೆಗೆದಳು. ಟ್ಯೂಬ್‌ಲೈಟಿಗೆ ಹಿಡಿದಳು. ಅವಳ ಕಣ್ಣು ಒಂದು ತುದಿಯಿಂದ ನಿಧಾನವಾಗಿ ಹೋಯಿತು. ನಾನು ಅವಳ ಮುಖ ನೋಡುತ್ತಿದ್ದೆ.

"ರೈಲು ಬಂದದೆ" ಎಂದಳು. "ಚೆಂದ ಬಂದದೆ."

ಆಮೇಲೆ ಉಗುರಿನಿಂದ ಒಂದು ಕಡೆ ತೋರಿಸಿದಳು. ನನಗೆ ನೆಗೆಟಿವ್‌ನಲ್ಲಿ ಓದಲು ಬರುವುದಿಲ್ಲ, ಪ್ರಿಂಟು ತೆಗೆದೆ. ಸೇತುವೆಯ ಕೆಳಗೆ ನೀರಿನ ಅಂಚಿಗೆ ಬೆಳಕಿನ ಗೆರೆ ಇತ್ತು. ಒಂದೇ ದಪ್ಪ, ಒಂದೇ ಎತ್ತರ, ಎಲ್ಲಿಯೂ ನಡುಗಿರಲಿಲ್ಲ. ದೋಣಿಯ ಹತ್ತಿರ ಬರುವ ಮೊದಲೇ ಅದು ನಿಂತಿತ್ತು. ಜಾರಿರಲಿಲ್ಲ, ಬಾಗಿರಲಿಲ್ಲ. ಕತ್ತರಿಯಿಂದ ದಾರ ಕತ್ತರಿಸಿದ ಹಾಗೆ.

"ಇದು ಬಿದ್ದ ಗೆರೆ ಅಲ್ಲ" ಎಂದಳು ಅತ್ತಿಗೆ. "ಇದು ರಟ್ಟು ಹಿಡ್ದದ್ದು."

"ಹೌದು."

"ಆಗ ಅವ್ರು ಚೆನ್ನಾಗೇ ನಡೀತಾ ಇದ್ರು."

"ಹೌದು."

"ಎಷ್ಟು ಹೊತ್ತು ಹಿಡಿದಿದ್ದೆ?"

ಹೇಳಿದೆ. ಎಲ್ಲ ಹೇಳಿದೆ. ಐದು ನಿಮಿಷ, ಟೆಂಪೋ, ಆ ಡ್ರೈವರಿನ ತಮಾಷೆ, ನನ್ನ ತಮಾಷೆ, ಆಮೇಲಿನ ಹದಿನೆಂಟು ನಿಮಿಷ, ರೈಲು, ಮೊದಲು ಶಟರ್ ಮುಚ್ಚಿದ್ದು. ಅವಳು ನೆಗೆಟಿವ್ ಅನ್ನು ಕೈಯಿಂದ ಕೆಳಗಿಳಿಸದೆ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ.

"ಏಳು ವರ್ಷ ಹೇಳದೆ ಇದ್ದವ" ಎಂದಳು, "ಇನ್ನೂ ಹೇಳದೆ ಇರ್ಬಹುದಿತ್ತು ನೀನು. ಕೂಡ್ಲೇ ಹೋದ್ರು ಅಂದ್ಕಂಡು ನಾ ಮಲಗ್ತಿದ್ದೆ ಮಂಜುನಾಥ."

ಅಲ್ಲಿಯವರೆಗೆ ಅವಳು ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದಳು. ಹೊರಗೆ ಯಾರೋ ಪಾಸ್‌ಪೋರ್ಟ್ ಫೋಟೋಕ್ಕೆ ಬಂದು ನಿಂತಿದ್ದರು. ಅವಳು ನೆಗೆಟಿವ್ ಅನ್ನು ಲಕೋಟೆಗೆ ಹಾಕಿ, ಲಕೋಟೆಯನ್ನು ಡ್ರಾಯರಿಗೆ ಹಾಕಿ, ಒಳಗಿನ ಕೋಣೆಯ ದೀಪ ಹತ್ತಿಸಿದಳು. "ಗಲ್ಲ ಸ್ವಲ್ಪ ಮೇಲೆ ಮಾಡಿ... ಇನ್ನೂ ಸ್ವಲ್ಪ... ಅಷ್ಟೇ" ಎನ್ನುವುದು ಕೇಳಿಸಿತು. ದನಿ ಯಾವಾಗಿನ ಹಾಗೆಯೇ ಇತ್ತು. ನಾನು ಎದ್ದು ಬಂದೆ. ದೀಪಾವಳಿಗೆ ಪ್ರತಿ ವರ್ಷ ಅಲ್ಲಿ ಊಟ ನನಗೆ. ಈ ವರ್ಷ ಕರೆ ಬರಲಿಲ್ಲ.

ಮೊನ್ನೆ ಗಾಳಿಗೆ ಶಿರಾಲಿಯ ಹತ್ತಿರ ಲೈನ್ ಹೋಯಿತು. ರಾತ್ರಿ ಸುಬ್ರಾಯಣ್ಣ ಮತ್ತು ನಾನು ಹೋದೆವು. ಅವರಿಗೆ ನಿವೃತ್ತಿ ಹತ್ತಿರ, ಮೊಣಕಾಲು ನೋವು, ನಾನೇ ಹತ್ತಿದೆ. ಸುತ್ತ ಎಲ್ಲ ಊರೂ ಕತ್ತಲೆ, ಮೇಲೆ ನಕ್ಷತ್ರ. ತಂತಿ ಕಟ್ಟಿ ಮುಗಿದಿತ್ತು, ಬೆಲ್ಟಿಗೆ ಒರಗಿ ಸುಮ್ಮನೆ ನಿಂತಿದ್ದೆ. ಕೆಳಗಿನಿಂದ "ಹೋಯ್" ಎಂದರು. ನನಗೆ ಕೇಳಿತು. ಉತ್ತರ ಕೊಡಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ. ಎಷ್ಟು ಹೊತ್ತು ಕಾಯುತ್ತಾರೆ ಎಂದು ನೋಡಬೇಕೆನಿಸಿತೋ ಏನೋ, ಅಪ್ಪನ ವಾಚಿನ ಹಸಿರು ಮುಳ್ಳು ನೋಡುತ್ತ ನಿಂತೆ. ಇನ್ನೊಂದು ಸಲ "ಹೋಯ್, ಮಂಜಾ" ಎಂದರು.

ಒಂದು ನಿಮಿಷವೂ ಆಗಿರಲಿಲ್ಲ. ಕಂಬ ಅಲುಗಿತು. ಆ ಮೊಣಕಾಲು ಇಟ್ಟುಕೊಂಡು ಅವರು ಹತ್ತತೊಡಗಿದ್ದರು.